ಕೆಲಸ ಮುಗಿದ ಮನೆಯಲ್ಲಿ ಕೆಲಸಗಾರನ ಹೆಸರೂ ಉಳಿಯಲಿ

ಸಂಪಾದಕರಿಗೆ,

ಮಾನ್ಯರೇ,

ಮನೆಯ ದುರಸ್ತಿ ಕೆಲಸಗಳಿಗೆ ನಂಬಿಕಸ್ಥ ಕೆಲಸಗಾರರು ಸಿಗುವುದೇ ಕಷ್ಟವಾಗಿದೆ ಎಂದು ಬೇಸರ ತೋಡಿಕೊಂಡ ಓದುಗರೊಬ್ಬರ ಪತ್ರ ಇತ್ತೀಚೆಗೆ ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗಿತ್ತು. ಅವರ ಅಳಲು ನಿಜವೇ. ಆದರೆ ಆ ಪತ್ರದ ಕೊನೆಯಲ್ಲಿದ್ದ ಒಂದು ಮಾತು ನನ್ನನ್ನು ಹಲವು ದಿನ ಕಾಡಿತು. ಕೆಲವು ವರ್ಷಗಳ ಹಿಂದೆ ತಮ್ಮ ಮನೆಗೆ ಬಂದು ಅಚ್ಚುಕಟ್ಟಾಗಿ ಕೆಲಸ ಮಾಡಿಕೊಟ್ಟಿದ್ದ ಪ್ಲಂಬರ್ ಒಬ್ಬರು ಈಗ ಎಲ್ಲಿದ್ದಾರೋ ತಿಳಿಯದು, ಅವರ ಹೆಸರೂ ಮರೆತುಹೋಗಿದೆ ಎಂದು ಅವರು ಬರೆದಿದ್ದರು. ಆ ಪ್ಲಂಬರ್ ಈಗಲೂ ಅದೇ ಊರಿನಲ್ಲಿ ಕೆಲಸ ಹುಡುಕಿಕೊಂಡು ಓಡಾಡುತ್ತಿರಬಹುದು. ಒಳ್ಳೆಯ ಕೆಲಸಗಾರ ಬೇಕೆನ್ನುವ ಮನೆ ಒಂದು ಕಡೆ, ಒಳ್ಳೆಯ ಮನೆ ಬೇಕೆನ್ನುವ ಕೆಲಸಗಾರ ಇನ್ನೊಂದು ಕಡೆ; ಇಬ್ಬರಿಗೂ ಒಮ್ಮೆ ಪರಿಚಯವಾಗಿದ್ದರೂ ಆ ಎಳೆ ಕಡಿದುಹೋಗಿದೆ. ಇಪ್ಪತ್ತೇಳು ವರ್ಷಗಳಿಂದ ಎಲೆಕ್ಟ್ರಿಷಿಯನ್ ಆಗಿ ದುಡಿಯುತ್ತಿರುವ ನಾನು ಈ ಎಳೆ ಏಕೆ ಕಡಿಯುತ್ತದೆ, ಕಡಿಯದಂತೆ ನೋಡಿಕೊಳ್ಳಲು ನಮ್ಮ ಕಡೆಯಿಂದ ಏನೇನು ಮಾಡಬಹುದು ಎಂಬುದರ ಬಗ್ಗೆ ಅನುಭವದಿಂದ ಕಲಿತದ್ದನ್ನು ಬರೆಯುತ್ತಿದ್ದೇನೆ.

ನನ್ನ ಕಣ್ಣು ತೆರೆಸಿದ ಘಟನೆಯನ್ನು ಮೊದಲು ಹೇಳಬೇಕು. ಒಂದು ಮನೆಗೆ ತಳಪಾಯದ ಅರ್ತಿಂಗ್‌ನಿಂದ ಹಿಡಿದು ಮಹಡಿಯ ಕೊನೆಯ ದೀಪದವರೆಗೆ ಇಡೀ ವೈರಿಂಗ್ ಮಾಡಿಕೊಟ್ಟಿದ್ದೆ. ಮನೆಯವರು ಸಂತೋಷಪಟ್ಟಿದ್ದರು, ಬಂಧುಗಳಿಗೆಲ್ಲ ನಿಮ್ಮನ್ನೇ ಹೇಳುತ್ತೇವೆ ಎಂದಿದ್ದರು. ನಾಲ್ಕು ವರ್ಷಗಳ ಬಳಿಕ ಅದೇ ದಾರಿಯಲ್ಲಿ ಹೋಗುತ್ತಿದ್ದಾಗ ಆ ಮನೆಯ ಗೋಡೆಗೆ ಬೇರೊಬ್ಬ ಎಲೆಕ್ಟ್ರಿಷಿಯನ್ನನ ಏಣಿ ಒರಗಿರುವುದು ಕಂಡಿತು. ಅಸಮಾಧಾನವಾಗಿತ್ತೇನೋ ಎಂಬ ಅಳುಕಿನಿಂದಲೇ ಒಳಗೆ ಹೋಗಿ ವಿಚಾರಿಸಿದೆ. ಮನೆಯ ಯಜಮಾನರು ನನ್ನನ್ನು ಕಂಡೊಡನೆ ಸಂಕೋಚದಿಂದ ಫೋನ್ ತೆಗೆದು ತೋರಿಸಿದರು. ಅದರಲ್ಲಿ ‘ಎಲೆಕ್ಟ್ರಿಷಿಯನ್’, ‘ಎಲೆಕ್ಟ್ರಿಷಿಯನ್ ಹೊಸಬರು’, ‘ಎಲೆಕ್ಟ್ರಿಷಿಯನ್ 2’ ಎಂದು ಮೂರು ಸಂಖ್ಯೆಗಳಿದ್ದವು. ನನ್ನದು ಯಾವುದೆಂದು ಅವರಿಗೆ ಗೊತ್ತಿರಲಿಲ್ಲ. ಒಂದಕ್ಕೆ ಕರೆ ಮಾಡಿದ್ದರು, ಎತ್ತಿದವರು ಬಂದಿದ್ದರು. ‘ನಿಮ್ಮನ್ನೇ ಕರೆಯಬೇಕೆಂದಿದ್ದೆವು, ಹೆಸರು ಮಾತ್ರ ಎಷ್ಟು ಯೋಚಿಸಿದರೂ ನೆನಪಿಗೆ ಬರಲಿಲ್ಲ’ ಎಂದು ಅವರು ಹೇಳಿದ ಮಾತಿನಲ್ಲಿ ಕಪಟವಿರಲಿಲ್ಲ. ಆ ದಿನ ನನಗೆ ಅರ್ಥವಾದದ್ದು ಇಷ್ಟು: ಕೆಲಸ ಕೆಟ್ಟದ್ದರಿಂದ ನಾನು ಆ ಮನೆಯನ್ನು ಕಳೆದುಕೊಳ್ಳಲಿಲ್ಲ, ಕೆಲಸ ಚೆನ್ನಾಗಿದ್ದದ್ದರಿಂದಲೇ ಕಳೆದುಕೊಂಡೆ.

ಈ ಮಾತು ವಿಚಿತ್ರವಾಗಿ ಕೇಳಿಸಬಹುದು. ಸರಿಯಾಗಿ ಕೂರಿಸಿದ ಸ್ವಿಚ್, ಸೋರದ ನಲ್ಲಿ, ಕಿರುಗುಟ್ಟದ ಬಾಗಿಲು ಇವು ಯಾವುವೂ ತಮ್ಮನ್ನು ಮಾಡಿದವರನ್ನು ನೆನಪಿಸುವುದಿಲ್ಲ. ದಿನಕ್ಕೆ ಹತ್ತು ಬಾರಿ ಕೈ ತಾಗಿದರೂ ಮನಸ್ಸಿಗೆ ತಾಗುವುದಿಲ್ಲ. ಕೆಟ್ಟ ಕೆಲಸವಾದರೆ ಪ್ರತಿದಿನ ಕುಟುಕುತ್ತದೆ; ಮಾಡಿದವನ ಹೆಸರೂ ಪ್ರತಿದಿನ ಬಾಯಿಗೆ ಬರುತ್ತದೆ. ಇದರ ಜೊತೆಗೆ ನಮ್ಮ ಕಸುಬುಗಳಲ್ಲಿ ಎರಡು ಭೇಟಿಗಳ ನಡುವಿನ ಅಂತರವೂ ದೊಡ್ಡದು. ಕ್ಷೌರಿಕರ ಬಳಿಗೆ ತಿಂಗಳಿಗೊಮ್ಮೆಯಾದರೂ ಹೋಗುತ್ತೇವೆ. ಎಲೆಕ್ಟ್ರಿಷಿಯನ್, ಪ್ಲಂಬರ್, ಬಡಗಿ, ಬಣ್ಣ ಬಳಿಯುವವರು, ಗಾರೆ ಕೆಲಸದವರು ಇವರೆಲ್ಲ ಒಂದು ಮನೆಗೆ ಬೇಕಾಗುವುದು ವರ್ಷಗಳಿಗೊಮ್ಮೆ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅವರು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಅವು ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಗುತ್ತವೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಒಂದು ಗಂಟೆಯಲ್ಲೇ ಅರ್ಧಕ್ಕಿಂತ ಹೆಚ್ಚನ್ನು ನುಂಗುತ್ತದೆ, ಆಮೇಲೆ ನಿಧಾನವಾಗುತ್ತದೆ, ನಡುನಡುವೆ ಬಿಡುವು ಕೊಟ್ಟು ಮತ್ತೆ ಓದಿಕೊಂಡರೆ ಹಿಡಿತ ಗಟ್ಟಿಯಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಒಂದೇ ಒಂದು ಮಧ್ಯಾಹ್ನ ಬಂದು ಹೋದ ಕೆಲಸಗಾರನ ಹೆಸರು ಗಿರಾಕಿಯ ಪಾಲಿಗೆ ಹೆಚ್ಚುಕಡಿಮೆ ಅಂಥದೇ ಒಂದು ಅಕ್ಷರಗುಂಪು. ಅದು ಮರೆತುಹೋದರೆ ಗಿರಾಕಿಯನ್ನು ಕೃತಘ್ನನೆಂದು ಬೈಯುವುದು ತಪ್ಪು.

ಹಾಗಾದರೆ ನೆನಪನ್ನು ಗಿರಾಕಿಯ ತಲೆಯಲ್ಲಿ ಉಳಿಸಲು ಹೆಣಗಾಡುವುದಕ್ಕಿಂತ, ಅದು ಬೇಕಾಗುವ ಜಾಗದಲ್ಲಿಯೇ ಇಟ್ಟುಬರುವುದು ಬುದ್ಧಿವಂತಿಕೆ. ಇದು ಹೊಸ ಉಪಾಯವೂ ಅಲ್ಲ. ಪ್ರಾಚೀನ ರೋಮ್ ನಗರದಲ್ಲಿ ನೀರು ಹರಿಸಲು ಹಾಕಿದ್ದ ಸೀಸದ ಕೊಳವೆಗಳ ಮೇಲೆ ಉಬ್ಬು ಅಕ್ಷರಗಳಲ್ಲಿ ಹೆಸರುಗಳನ್ನು ಮೂಡಿಸಲಾಗಿದೆ. ಕೆಲವು ಆ ನೀರಿನ ಒಡೆಯರ ಹೆಸರುಗಳು, ಕೆಲವು ಕೊಳವೆ ಮಾಡಿದ ಕೆಲಸಗಾರರವು. ಲ್ಯಾಟಿನ್ ಭಾಷೆಯಲ್ಲಿ ಸೀಸಕ್ಕೆ ಪ್ಲಂಬಮ್ ಎನ್ನುತ್ತಾರೆ. ಪ್ಲಂಬರ್ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಇನ್ನೂ ಹತ್ತಿರದ ಉದಾಹರಣೆ ಗಡಿಯಾರ ರಿಪೇರಿಯವರದು. 18 ಮತ್ತು 19ನೇ ಶತಮಾನಗಳಲ್ಲಿ ಇಂಗ್ಲೆಂಡ್, ಅಮೆರಿಕಗಳ ಗಡಿಯಾರದವರು ಜೇಬು ಗಡಿಯಾರದ ಒಳಕವಚಕ್ಕೂ ಹೊರಕವಚಕ್ಕೂ ನಡುವೆ ಒಂದು ದುಂಡನೆಯ ಕಾಗದವನ್ನು ಇಡುತ್ತಿದ್ದರು. ಅದರ ಮೇಲೆ ಅವರ ಹೆಸರು, ವಿಳಾಸ ಅಚ್ಚಾಗಿರುತ್ತಿತ್ತು. ಹಿಂಬದಿಯಲ್ಲಿ ರಿಪೇರಿಯ ದಿನಾಂಕವನ್ನು ಕೈಯಿಂದ ಬರೆಯುವುದೂ ಇತ್ತು. ಕಾಗದವು ಎರಡು ಕವಚಗಳ ಸಂದನ್ನು ತುಂಬಿ ಗಡಿಯಾರವನ್ನು ಉಜ್ಜಾಟದಿಂದ ಕಾಪಾಡುತ್ತಿತ್ತು. ಗಡಿಯಾರ ನಿಂತುಹೋಗಿ ಒಡೆಯ ಕವಚ ತೆರೆದಾಗ, ಯಾರ ಬಳಿಗೆ ಹೋಗಬೇಕೆಂಬ ಉತ್ತರ ಅಲ್ಲಿಯೇ ಕಾದಿರುತ್ತಿತ್ತು. ವಸ್ತುವಿಗೂ ಉಪಯೋಗ, ಒಡೆಯನಿಗೂ ಉಪಯೋಗ, ಕೆಲಸಗಾರನಿಗೂ ಉಪಯೋಗ. ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಬೇರೆ ಕಂಡಿಲ್ಲ.

ಆ ದುಂಡನೆಯ ಕಾಗದದ ಕೆಲಸವನ್ನು ಇಂದು ಒಂದು ಪುಟ್ಟ ಸ್ಟಿಕ್ಕರ್ ಮಾಡಬಲ್ಲದು. ಎಲ್ಲಿ ಅಂಟಿಸುತ್ತೇವೆ ಎಂಬುದರ ಮೇಲೆ ಅದರ ಆಯುಷ್ಯ ನಿಂತಿದೆ. ಕಣ್ಣಿಗೆ ರಾಚುವಂತೆ ಸ್ವಿಚ್ ಬೋರ್ಡಿನ ಮುಖದ ಮೇಲೋ ಅಡುಗೆಮನೆಯ ಗೋಡೆಯ ಮೇಲೋ ಅಂಟಿಸಿದರೆ ಮನೆಯವರು ಮರುದಿನವೇ ಕೆರೆದು ತೆಗೆಯುತ್ತಾರೆ, ಅದು ನ್ಯಾಯವೂ ಹೌದು. ಎಲೆಕ್ಟ್ರಿಷಿಯನ್ ಆದವನು ಮೇನ್ ಬೋರ್ಡಿನ ಬಾಗಿಲಿನ ಒಳಮೈಗೆ, ಪ್ಲಂಬರ್ ಸಿಂಕಿನ ಕೆಳಗಿನ ಕಪಾಟಿನ ಬಾಗಿಲಿನ ಒಳಮೈಗೆ, ಬಡಗಿ ತಾನು ಮಾಡಿದ ಕಪಾಟಿನ ಮೇಲುಗಡೆ ಒಳಬದಿಗೆ, ಮೋಟಾರ್ ರಿಪೇರಿಯವರು ಸ್ಟಾರ್ಟರ್ ಪೆಟ್ಟಿಗೆಯ ಪಕ್ಕಕ್ಕೆ, ಮನೆಯವರ ಒಪ್ಪಿಗೆ ಕೇಳಿಯೇ ಅಂಟಿಸಬೇಕು. ಉಪಕರಣದ ತಯಾರಕರು ಹಾಕಿರುವ ಮಾಹಿತಿ ಫಲಕವನ್ನಾಗಲಿ, ಗಾಳಿಯಾಡುವ ಕಿಂಡಿಗಳನ್ನಾಗಲಿ ಮುಚ್ಚಬಾರದು. ಸ್ಟಿಕ್ಕರಿನ ಮೇಲೆ ಹೆಸರು, ಕಸುಬು, ಫೋನ್ ಸಂಖ್ಯೆಗಳ ಜೊತೆಗೆ ಎರಡು ಸಾಲು ಖಾಲಿ ಬಿಡಿಸಿ, ಕೆಲಸ ಮಾಡಿದ ದಿನಾಂಕವನ್ನೂ ಏನು ಮಾಡಲಾಯಿತು ಎಂಬುದನ್ನೂ ಅಳಿಸಿಹೋಗದ ಮಾರ್ಕರ್ ಪೆನ್ನಿನಿಂದ ಬರೆಯಬೇಕು. ಬಿಲ್ಲಿನ ಮೇಲೆ ಹೆಸರಿದೆಯಲ್ಲ ಎಂದು ಸುಮ್ಮನಾಗುವವರಿಗೆ ಒಂದು ಎಚ್ಚರಿಕೆ: ಯಂತ್ರದಿಂದ ಹೊರಬರುವ ನುಣುಪಾದ ಬಿಲ್ಲುಗಳು ಶಾಖಕ್ಕೆ ಬಣ್ಣ ಬದಲಿಸುವ ಕಾಗದದವು, ಅವುಗಳ ಅಕ್ಷರ ಕಾಲಕ್ರಮದಲ್ಲಿ ಮಾಸಿ ಬರಿ ಬಿಳಿ ಚೀಟಿ ಉಳಿಯುತ್ತದೆ. ಚೌಕದ ಚಿತ್ತಾರದಂಥ ಕ್ಯೂಆರ್ ಕೋಡ್ ಈಗ ಎಲ್ಲೆಲ್ಲೂ ಇದೆ. ಜಪಾನಿನ ಡೆನ್ಸೊ ವೇವ್ ಸಂಸ್ಥೆ 1994ರಲ್ಲಿ ಕಾರಿನ ಬಿಡಿಭಾಗಗಳ ಜಾಡು ಹಿಡಿಯಲೆಂದು ರೂಪಿಸಿದ ಈ ಗುರುತನ್ನು ನಾವೂ ಬಳಸಬಹುದು. ಆದರೆ ಅದು ತೋರಿಸುವ ಜಾಲವಿಳಾಸ ಮುಂದೊಂದು ದಿನ ಇಲ್ಲವಾಗಬಹುದಾದ್ದರಿಂದ ಸಂಖ್ಯೆಯನ್ನು ಅಂಕಿಗಳಲ್ಲೂ ಅಚ್ಚು ಹಾಕಿಸಲೇಬೇಕು. ಹಾಗೆ ಅಚ್ಚು ಹಾಕಿಸಿದ ಮೇಲೆ ಯಾವುದೋ ಅಗ್ಗದ ಕೊಡುಗೆಗೆ ಮರುಳಾಗಿ ಸಂಖ್ಯೆಯನ್ನು ಬದಲಿಸುವುದು ಹತ್ತು ವರ್ಷಗಳ ಪರಿಚಯಕ್ಕೆ ನಾವೇ ಬೀಗ ಹಾಕಿದಂತೆ.

ನನ್ನ ಕಸುಬಿನಲ್ಲಿ ಸ್ಟಿಕ್ಕರಿಗಿಂತ ಹೆಚ್ಚು ಫಲ ಕೊಟ್ಟದ್ದು ಬೋರ್ಡಿನ ಒಳಗಿನ ಬರವಣಿಗೆ. ಒಂದು ಮನೆಯ ಮೇನ್ ಬೋರ್ಡಿನಲ್ಲಿ ಎಂಟೋ ಹನ್ನೆರಡೋ ಎಂಸಿಬಿಗಳು, ಅಂದರೆ ಕರೆಂಟಿನ ಹೊರೆ ಮಿತಿಮೀರಿದಾಗ ತಾವಾಗಿಯೇ ಬೀಳುವ ಸ್ವಿಚ್ಚುಗಳು, ಇರುತ್ತವೆ. ಯಾವುದು ಯಾವ ಕೋಣೆಗೆ ಎಂಬುದನ್ನು ವೈರಿಂಗ್ ಮಾಡಿದವನೊಬ್ಬನೇ ಬಲ್ಲ, ಅವನೂ ಆರು ತಿಂಗಳಲ್ಲಿ ಮರೆಯುತ್ತಾನೆ. ಪ್ರತಿಯೊಂದರ ಕೆಳಗೆ ‘ಅಡುಗೆಮನೆ’, ‘ಗೀಸರ್’, ‘ಮೋಟಾರ್’, ‘ಮಹಡಿ ದೀಪಗಳು’ ಎಂದು ಸ್ಪಷ್ಟವಾಗಿ ಬರೆದು, ಆ ಬರಹದ ಕೆಳತುದಿಯಲ್ಲಿ ನನ್ನ ಹೆಸರನ್ನೂ ಬರೆಯುವ ಅಭ್ಯಾಸವನ್ನು ಹದಿನೈದು ವರ್ಷಗಳ ಹಿಂದೆ ಆರಂಭಿಸಿದೆ. ರಾತ್ರಿ ಹೊತ್ತಿನಲ್ಲಿ ಅರ್ಧ ಮನೆ ಕತ್ತಲಾದಾಗ ಟಾರ್ಚ್ ಹಿಡಿದು ಬೋರ್ಡ್ ತೆರೆದವರಿಗೆ ಆ ಬರಹ ದೊಡ್ಡ ಸಮಾಧಾನ ಕೊಡುತ್ತದೆ. ನಾನು ಅಲ್ಲಿಲ್ಲದಿದ್ದರೂ ನನ್ನ ಕೆಲಸ ಆ ಹೊತ್ತಿನಲ್ಲಿ ಅವರಿಗೆ ನೆರವಾಗಿರುತ್ತದೆ, ಜೊತೆಗೆ ಹೆಸರು ಕಣ್ಣಿಗೆ ಬಿದ್ದಿರುತ್ತದೆ. ಎಬ್ಬಿಂಗ್‌ಹೌಸ್ ಹೇಳಿದ ಬಿಡುವಿನ ಪುನರಾವರ್ತನೆ ತಾನಾಗಿಯೇ ನಡೆದುಹೋಗುತ್ತದೆ. ಪ್ಲಂಬರ್ ಮಿತ್ರರೊಬ್ಬರು ಇದನ್ನು ನೋಡಿ ತಾವು ಹಾಕುವ ಪ್ರತಿಯೊಂದು ಗೇಟ್ ವಾಲ್ವಿಗೂ ಯಾವ ಕೊಳವೆಯನ್ನು ಅದು ಮುಚ್ಚುತ್ತದೆ ಎಂದು ಬರೆದ ಬಿಲ್ಲೆ ಕಟ್ಟಲು ಶುರು ಮಾಡಿದರು. ನಲ್ಲಿ ಮುರಿದು ನೀರು ಚಿಮ್ಮುವಾಗ ಯಾವ ವಾಲ್ವ್ ತಿರುಗಿಸಬೇಕೆಂದು ತಿಳಿಯದೆ ಒದ್ದಾಡಿದವರಿಗೆ ಆ ಬಿಲ್ಲೆಯ ಬೆಲೆ ಗೊತ್ತು.

ಗೋಡೆಯೊಳಗೆ ಮರೆಯಾಗುವ ಕೆಲಸದ ಫೋಟೋಗಳದೂ ಇದೇ ಕಥೆ. ಪೈಪುಗಳನ್ನು ಕೂರಿಸಿ ಪ್ಲಾಸ್ಟರ್ ಮಾಡುವ ಮುನ್ನ, ಗೋಡೆಯ ಮೂಲೆಯಿಂದ ಅಳತೆ ಟೇಪ್ ಹಿಡಿದು, ಅಂಕಿಗಳು ಕಾಣುವಂತೆ ಫೋಟೋ ತೆಗೆದು ಮನೆಯವರಿಗೆ ಕಳುಹಿಸಲು ಹತ್ತು ನಿಮಿಷ ಸಾಕು. ಮುಂದೆ ಯಾವತ್ತೋ ಒಂದು ದಿನ ಚಿತ್ರಪಟ ತೂಗುಹಾಕಲು ಮೊಳೆ ಹೊಡೆಯುವಾಗಲೋ, ಕಪಾಟು ಕೂರಿಸಲು ಡ್ರಿಲ್ ಹಾಕುವಾಗಲೋ ಅವರು ಆ ಫೋಟೋವನ್ನು ಹುಡುಕಿ ತೆಗೆದೇ ತೆಗೆಯುತ್ತಾರೆ. ಬಣ್ಣ ಬಳಿಯುವವರು ಕೋಣೆವಾರು ಬಣ್ಣದ ಸಂಖ್ಯೆಯನ್ನೂ ಕಂಪನಿಯ ಹೆಸರನ್ನೂ ಬರೆದುಕೊಟ್ಟು, ಉಳಿದ ಬಣ್ಣವನ್ನು ಗಟ್ಟಿಯಾಗಿ ಮುಚ್ಚಿದ ಪುಟ್ಟ ಡಬ್ಬಿಯಲ್ಲಿ ಹೆಸರು ಬರೆದು ಕೊಟ್ಟರೆ, ಗೋಡೆ ತರಚಿದಾಗಲೆಲ್ಲ ಅವರ ಕೈಬರಹವೇ ಗಿರಾಕಿಯ ಕಣ್ಣಿಗೆ ಬೀಳುತ್ತದೆ.

ಇನ್ನು ಫೋನಿನ ವಿಷಯ. ನನ್ನ ಹೆಸರನ್ನು ಕಳೆದದ್ದು ಫೋನೇ ಆದ್ದರಿಂದ ಅದರ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗಿರಾಕಿಗಳು ಸಾಮಾನ್ಯವಾಗಿ ಕಸುಬಿನ ಹೆಸರಿನಿಂದಲೇ ನಮ್ಮ ಸಂಖ್ಯೆಯನ್ನು ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಕೆಲಸ ಮುಗಿದ ಕೂಡಲೇ, ಇನ್ನೂ ಅವರ ಎದುರಿಗಿರುವಾಗಲೇ, ‘ನನ್ನ ಹೆಸರಿನ ಜೊತೆಗೆ ಎಲೆಕ್ಟ್ರಿಷಿಯನ್, ಮನೆ ವೈರಿಂಗ್ ಎಂದು ಸೇರಿಸಿ ಉಳಿಸಿಕೊಳ್ಳಿ’ ಎಂದು ವಿನಯದಿಂದ ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ಅದೇ ದಿನ ಸಂಜೆಯೊಳಗೆ ಒಂದು ಸಂದೇಶ ಕಳುಹಿಸಬೇಕು: ದಿನಾಂಕ, ಏನು ಕೆಟ್ಟಿತ್ತು, ಏನು ಬದಲಿಸಿದೆ, ಹೊಸ ಭಾಗದ ಕಂಪನಿ ಮತ್ತು ಅಳತೆ ಯಾವುದು, ಅದಕ್ಕೆ ಎಷ್ಟು ಕಾಲದ ವಾರಂಟಿ ಇದೆ. ಇಲ್ಲಿ ಕಸುಬಿನ ಪರಿಭಾಷೆಯ ಬದಲು ಮನೆಯವರು ಆಡುವ ಮಾತನ್ನೇ ಬಳಸಬೇಕು ಎಂಬುದನ್ನು ನಾನು ತಡವಾಗಿ ಕಲಿತೆ. ನಾನು ‘2.5 ಮೈಕ್ರೊಫ್ಯಾರಡ್ ಕೆಪಾಸಿಟರ್ ಬದಲಿಸಲಾಗಿದೆ’ ಎಂದಷ್ಟೇ ಬರೆಯುತ್ತಿದ್ದೆ. ಮೂರು ವರ್ಷಗಳ ಬಳಿಕ ಫ್ಯಾನ್ ಮತ್ತೆ ನಿಧಾನವಾದಾಗ ಮನೆಯವರು ತಮ್ಮ ಫೋನಿನಲ್ಲಿ ‘ಫ್ಯಾನ್’ ಎಂದು ಹುಡುಕುತ್ತಾರೆಯೇ ಹೊರತು ‘ಕೆಪಾಸಿಟರ್’ ಎಂದು ಹುಡುಕುವುದಿಲ್ಲ. ‘ಮಲಗುವ ಕೋಣೆಯ ಫ್ಯಾನ್ ನಿಧಾನವಾಗಿ ತಿರುಗುತ್ತಿತ್ತು, ಅದರ ಕೆಪಾಸಿಟರ್ ಬದಲಿಸಿದೆ’ ಎಂದು ಬರೆದರೆ ಅವರ ಹುಡುಕಾಟಕ್ಕೆ ನಾನು ಸಿಗುತ್ತೇನೆ. ಸಣ್ಣ ವ್ಯತ್ಯಾಸವೆನ್ನಿಸಬಹುದು, ಆದರೆ ಆ ಸಂದೇಶದಿಂದಲೇ ಮರಳಿ ಬಂದ ಕರೆಗಳು ನನಗೆ ಅನೇಕ.

ಮನೆ ಬಿಡುವ ಮುನ್ನಿನ ಹತ್ತು ನಿಮಿಷಗಳ ಬಗ್ಗೆ ನಮ್ಮವರಲ್ಲಿ ಬಹಳ ಮಂದಿಗೆ ಗಮನವೇ ಇಲ್ಲ, ಇದು ನನಗೆ ನೋವಿನ ಸಂಗತಿ. ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಅವರ ಸಹೋದ್ಯೋಗಿಗಳು 1993ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್‌ನ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಿಟ್ಟರು. ಇನ್ನೊಮ್ಮೆ ಅಷ್ಟೇ ತಣ್ಣೀರಿನಲ್ಲಿ 60 ಸೆಕೆಂಡ್ ಅದ್ದಿ, ಕೈ ತೆಗೆಯದೆ ಮತ್ತೆ 30 ಸೆಕೆಂಡ್ ಇಟ್ಟರು, ಆ ಹೆಚ್ಚುವರಿ ಅವಧಿಯಲ್ಲಿ ನೀರು 15 ಡಿಗ್ರಿಯವರೆಗೆ ಮೆಲ್ಲನೆ ಬೆಚ್ಚಗಾಗುತ್ತಿತ್ತು. ಮತ್ತೊಮ್ಮೆ ಮಾಡಬೇಕಾದರೆ ಯಾವುದು ಬೇಕು ಎಂದು ಕೇಳಿದಾಗ ಹೆಚ್ಚಿನವರು ಎರಡನೆಯದನ್ನು, ಅಂದರೆ ಹೆಚ್ಚು ಹೊತ್ತು ಚಳಿ ತಿಂದದ್ದನ್ನೇ ಆರಿಸಿಕೊಂಡರು, ಏಕೆಂದರೆ ಅದು ಮುಗಿದ ರೀತಿ ಕಡಿಮೆ ಕಷ್ಟದ್ದಾಗಿತ್ತು. ಮನಸ್ಸು ಒಂದು ಅನುಭವವನ್ನು ಕೂಡಿಟ್ಟುಕೊಳ್ಳುವಾಗ ಅದರ ಕೊನೆಗೆ ಹೆಚ್ಚು ತೂಕ ಕೊಡುತ್ತದೆ. ನಮ್ಮ ಕೆಲಸದಲ್ಲಿ ಗೋಡೆ ಕೊರೆಯುವ ಸದ್ದು, ದೂಳು, ನೀರಿಲ್ಲದ ಮಧ್ಯಾಹ್ನ, ಕರೆಂಟಿಲ್ಲದ ಗಂಟೆಗಳು ತಪ್ಪುವುದಿಲ್ಲ. ಆದರೆ ತಂತಿಯ ಚೂರುಗಳನ್ನು ಆರಿಸಿ, ನೆಲ ಗುಡಿಸಿ, ಗೋಡೆಯ ಮೇಲಿನ ಕೈಗುರುತು ಒರೆಸಿ, ತೆಗೆದ ಹಳೆಯ ಭಾಗವನ್ನು ಮನೆಯವರ ಕೈಗಿಟ್ಟು ಅದು ಏಕೆ ಕೆಟ್ಟಿತೆಂದು ತೋರಿಸಿ, ಪ್ರತಿ ಸ್ವಿಚ್ಚನ್ನೂ ಅವರ ಕೈಯಿಂದಲೇ ಒತ್ತಿಸಿ ನೋಡಿ ಹೊರಡುವವನು ಆ ಮಧ್ಯಾಹ್ನಕ್ಕೆ ಬೇರೊಂದು ಕೊನೆಯನ್ನು ಕೊಡುತ್ತಾನೆ. ಕಳಪೆ ಕೆಲಸವನ್ನು ಇದರಿಂದ ಮುಚ್ಚಿಡಬಹುದೆಂದು ಯಾರೂ ಭಾವಿಸಬಾರದು. ಮೂರನೆಯ ದಿನ ನಲ್ಲಿ ಸೋರಿದರೆ ಗುಡಿಸಿದ ನೆಲವನ್ನು ಯಾರು ನೆನೆಯುತ್ತಾರೆ?

ಕೆಲಸ ಮುಗಿದು ಹತ್ತು ಹದಿನೈದು ದಿನಗಳಾದ ಮೇಲೆ ‘ಎಲ್ಲವೂ ಸರಿಯಾಗಿದೆಯೇ’ ಎಂದು ಕೇಳುವ ಒಂದು ಕರೆ ಮಾಡಬೇಕು. ಸಣ್ಣ ಲೋಪವಿದ್ದರೆ ಗಿರಾಕಿಗಳು ಹೇಳಲು ಹಿಂಜರಿದು ಒಳಗೊಳಗೇ ಬೇಸರಪಟ್ಟುಕೊಂಡಿರುತ್ತಾರೆ. ನಾವೇ ಕೇಳಿದರೆ ಹೇಳುತ್ತಾರೆ. ಹೀಗೆ ಕೇಳಿದ್ದರಿಂದಲೇ ಒಂದು ಮನೆಯ ಸ್ನಾನದ ಕೋಣೆಯಲ್ಲಿ ನಾನು ನ್ಯೂಟ್ರಲ್ ತಂತಿಯ ಸ್ಕ್ರೂವನ್ನು ಸರಿಯಾಗಿ ಬಿಗಿಮಾಡಿರಲಿಲ್ಲ ಎಂಬುದು ಗೊತ್ತಾಯಿತು. ದೀಪ ಮಿಣುಕುತ್ತಿತ್ತು, ಅವರು ಬಲ್ಬ್ ಕೆಟ್ಟಿದೆ ಎಂದುಕೊಂಡಿದ್ದರು. ಸಡಿಲವಾದ ಜೋಡಣೆ ಬಿಸಿಯಾಗಿ ಬೆಂಕಿಗೂ ಕಾರಣವಾಗಬಲ್ಲದು. ಆ ಸಂಜೆಯೇ ಹೋಗಿ, ತಪ್ಪು ನನ್ನದೆಂದು ಒಪ್ಪಿಕೊಂಡು, ಹಣ ಪಡೆಯದೆ ಸರಿಪಡಿಸಿ, ಆ ದಿನ ಮುಟ್ಟಿದ್ದ ಉಳಿದ ಜೋಡಣೆಗಳನ್ನೆಲ್ಲ ಮತ್ತೊಮ್ಮೆ ಬಿಗಿಮಾಡಿ ಬಂದೆ. ಆ ಮನೆಯವರು ಹದಿನಾರು ವರ್ಷಗಳಿಂದ ಬೇರೆ ಯಾರನ್ನೂ ಕರೆದಿಲ್ಲ. ನಾನು ದೋಷವಿಲ್ಲದೆ ಮಾಡಿದ ಎಷ್ಟೋ ಕೆಲಸಗಳು ಅವರ ನೆನಪಿನಲ್ಲಿಲ್ಲ. ಮಾಡಿದ ಆ ಒಂದು ತಪ್ಪನ್ನು ತಿದ್ದಿದ್ದು ಇದೆ.

ಆಮೇಲಿನ ವರ್ಷಗಳಲ್ಲಿ ಸಂಪರ್ಕ ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಯೇ ನಮ್ಮವರು ಹೆಚ್ಚು ಎಡವುವುದು. ದಿನಬೆಳಗಾದರೆ ಹೂವಿನ ಚಿತ್ರದ ಶುಭೋದಯ, ಹಬ್ಬಹಬ್ಬಕ್ಕೂ ಯಾರೋ ಕಳುಹಿಸಿದ್ದನ್ನು ಮುಂದೆ ದಾಟಿಸಿದ ಶುಭಾಶಯ ಇವುಗಳಿಂದ ನೆನಪು ಉಳಿಯುತ್ತದೆ ಎಂದು ನಂಬಿದವರು ಬಹಳ. ನನ್ನ ಅಭಿಪ್ರಾಯದಲ್ಲಿ ಇದು ಕೈಯಾರೆ ಮಾಡಿಕೊಳ್ಳುವ ಹಾನಿ. ಗಿರಾಕಿ ಮೊದಲು ನೋಡುವುದನ್ನು ಬಿಡುತ್ತಾರೆ, ಬಳಿಕ ಸದ್ದಡಗಿಸುತ್ತಾರೆ, ಕೊನೆಗೆ ಸಂಖ್ಯೆಯನ್ನೇ ತಡೆಹಿಡಿಯುತ್ತಾರೆ. ನಿಜವಾಗಿ ತಿಳಿಸಬೇಕಾದ ವಿಷಯ ಬಂದಾಗ ದಾರಿಯೇ ಮುಚ್ಚಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಂದೇಶವನ್ನು ಪಟ್ಟಿ ಮಾಡಿ ಹಲವರಿಗೆ ಕಳುಹಿಸುವ ಬ್ರಾಡ್‌ಕಾಸ್ಟ್ ಸೌಲಭ್ಯದಲ್ಲಿ, ನಮ್ಮ ಸಂಖ್ಯೆಯನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ ಎಂಬುದೂ ಅನೇಕರಿಗೆ ತಿಳಿದಿಲ್ಲ. ಇನ್ನೂರು ಜನರಿಗೆ ಕಳುಹಿಸಿದೆ ಎಂದುಕೊಂಡವನ ಮಾತು ಅದರ ಕಾಲುಭಾಗಕ್ಕೂ ತಲುಪದೆ ಇರಬಹುದು.

ವರ್ಷಕ್ಕೆ ಒಂದು ಅಥವಾ ಎರಡು ಸಂದೇಶ ಸಾಕು, ಆದರೆ ಅದು ಆ ಮನೆಗೇ ಬರೆದದ್ದಾಗಿರಬೇಕು, ಅದರಿಂದ ನಮಗೆ ಕೆಲಸ ಸಿಗದಿದ್ದರೂ ಓದಿದವರಿಗೆ ಪ್ರಯೋಜನವಾಗಬೇಕು. ‘ಕಳೆದ ವರ್ಷ ನಿಮ್ಮ ಬೋರ್ಡಿಗೆ ಹಾಕಿದ ವಿದ್ಯುತ್ ಸೋರಿಕೆ ತಡೆಯುವ ಸ್ವಿಚ್ಚಿನ ಮೇಲೆ ಪರೀಕ್ಷೆಯ ಗುಂಡಿಯೊಂದಿದೆ, ಅದನ್ನು ಒತ್ತಿದಾಗ ಸ್ವಿಚ್ ಕೆಳಗೆ ಬೀಳಬೇಕು, ಬೀಳದಿದ್ದರೆ ತಿಳಿಸಿ’ ಎಂಬ ಸಂದೇಶ ಒಂದು ಜೀವವನ್ನೇ ಉಳಿಸಬಹುದು. ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಗೆ ಶುದ್ಧೀಕರಿಸಿದ ನೀರಿನ ಮಟ್ಟ ನೋಡಿಕೊಳ್ಳಿ ಎಂಬ ನೆನಪೋಲೆ, ಮಳೆಗಾಲಕ್ಕೆ ಮುನ್ನ ತಾರಸಿಯ ನೀರಿನ ದಾರಿಯಲ್ಲಿ ಎಲೆ ಕಟ್ಟಿದೆಯೇ ನೋಡಿ ಎಂಬ ಮಾತು ಇವುಗಳಿಗೆಲ್ಲ ಒಂದು ಕಾಲವಿದೆ. ಗೀಸರಿನ ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಷಿಯಂ ಸರಳೊಂದು ಇರುತ್ತದೆ. ತೊಟ್ಟಿಗೆ ತುಕ್ಕು ಹಿಡಿಯುವ ಬದಲು ಆ ಸರಳು ತಾನೇ ಸವೆಯುತ್ತದೆ. ಅದು ಪೂರ್ತಿ ಸವೆದ ಮೇಲೆ ತೊಟ್ಟಿಯ ಸರದಿ. ಇದನ್ನು ಯಾವ ಗಿರಾಕಿಯೂ ತಾನಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಗಡಸು ನೀರಿನ ಮನೆಗಳಲ್ಲಂತೂ ನಾವೇ ನೆನಪಿಸಬೇಕು. ಇಂಥ ಸಂದೇಶಗಳನ್ನು ಕಳುಹಿಸಬಹುದೇ ಎಂದು ಮೊದಲೇ ಕೇಳಿ, ಬೇಡವೆಂದವರ ಹೆಸರನ್ನು ಪಟ್ಟಿಯಿಂದ ತೆಗೆಯುವುದು ಕನಿಷ್ಠ ಮರ್ಯಾದೆ. ಅಂತೆಯೇ, ಒಬ್ಬರ ಮನೆಯೊಳಗಿನ ಚಿತ್ರಗಳನ್ನು ಅವರ ಅನುಮತಿ ಇಲ್ಲದೆ ಇನ್ನೊಬ್ಬರಿಗೆ ತೋರಿಸಕೂಡದು.

ಇಷ್ಟೆಲ್ಲ ಮಾಡಬೇಕಾದರೆ ಯಾವ ಮನೆಯಲ್ಲಿ ಯಾವಾಗ ಏನು ಮಾಡಿದೆ ಎಂಬುದು ಮೊದಲು ನಮಗೆ ನೆನಪಿರಬೇಕಲ್ಲ! ಅದಕ್ಕೆ ಬೇಕಾದದ್ದು ಒಂದು ನೋಟ್‌ಬುಕ್. ಮನೆಗೊಂದು ಪುಟದಂತೆ ದಿನಾಂಕ, ಕೆಲಸ, ಹಾಕಿದ ಭಾಗಗಳು, ಮೇನ್ ಸ್ವಿಚ್ ಎಲ್ಲಿದೆ, ಮುಂದೆ ಗಮನಿಸಬೇಕಾದದ್ದೇನು ಎಂದು ನಾನು ಬರೆದಿಡುತ್ತೇನೆ. ಆರು ವರ್ಷಗಳ ಬಳಿಕ ಕರೆ ಬಂದಾಗ ಪುಟ ತೆರೆದು, ‘ನಿಮ್ಮ ಹಿತ್ತಲ ಬಾಗಿಲ ಬಳಿಯ ದೀಪಕ್ಕೆ ನಾನೇ ಹೊಸ ತಂತಿ ಎಳೆದಿದ್ದೆ, ಈಗ ಅದೇ ಸಮಸ್ಯೆಯೇ?’ ಎಂದು ಕೇಳಿದಾಗ ಆ ಕಡೆಯ ದನಿಯಲ್ಲಾಗುವ ಬದಲಾವಣೆ ನನಗೆ ಈಗಲೂ ಸಂತೋಷ ಕೊಡುತ್ತದೆ. ನಮ್ಮನ್ನು ನೆನಪಿಟ್ಟುಕೊಂಡವರನ್ನು ಮರೆಯುವುದು ಯಾರಿಗೂ ಸುಲಭವಲ್ಲ. ಜೊತೆಗೆ, ಬರುವಾಗಲೇ ಸರಿಯಾದ ಭಾಗವನ್ನು ತೆಗೆದುಕೊಂಡು ಬರಲು ಸಾಧ್ಯವಾಗುವುದರಿಂದ ಎರಡು ಬಾರಿ ಓಡಾಡುವುದೂ ತಪ್ಪುತ್ತದೆ.

ಕರೆ ಎತ್ತದಿರುವುದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಏಣಿಯ ಮೇಲಿರುವಾಗ ಫೋನ್ ತೆಗೆಯಲಾಗದು, ಸರಿ. ಆದರೆ ಸಂಜೆಯೊಳಗೆ ಮರಳಿ ಕರೆ ಮಾಡಬಹುದು. ಬರಲಾಗದಿದ್ದರೆ ಬರಲಾಗದೆಂದು ಹೇಳಿ, ನಂಬಬಹುದಾದ ಇನ್ನೊಬ್ಬರ ಹೆಸರನ್ನು ಕೊಡಬಹುದು. ಹಾಗೆ ಕೊಟ್ಟರೆ ಗಿರಾಕಿ ಕೈತಪ್ಪುತ್ತಾರೆ ಎಂಬ ಭಯ ನನಗೂ ಇತ್ತು. ಕಷ್ಟಕಾಲದಲ್ಲಿ ದಾರಿ ತೋರಿಸಿದವನ ಬಳಿಗೇ ಅವರು ಮುಂದಿನ ಬಾರಿ ಮರಳಿದ್ದನ್ನು ಕಂಡ ಮೇಲೆ ಆ ಭಯ ಹೋಯಿತು.

ಹಿರಿಯ ಕೆಲಸಗಾರರಲ್ಲಿ ಕೆಲವರು ಇದನ್ನೆಲ್ಲ ಒಪ್ಪುವುದಿಲ್ಲ. ಕೈ ಕೆಲಸವೇ ಮಾತಾಡಬೇಕು, ನಾವು ನಮ್ಮ ಹೆಸರನ್ನು ಅಂಟಿಸಿಕೊಂಡು ತಿರುಗುವುದು ಕಸುಬಿಗೆ ಶೋಭೆಯಲ್ಲ ಎಂಬುದು ಅವರ ನಿಲುವು. ಅವರ ಸ್ವಾಭಿಮಾನದ ಬಗ್ಗೆ ನನಗೆ ಗೌರವವಿದೆ, ನನ್ನ ಗುರುಗಳೂ ಹಾಗೆಯೇ ಇದ್ದರು. ಆದರೆ ಅವರು ದುಡಿದ ಕಾಲದಲ್ಲಿ ಒಂದು ಬಡಾವಣೆಯಲ್ಲಿ ಇಬ್ಬರೋ ಮೂವರೋ ಎಲೆಕ್ಟ್ರಿಷಿಯನ್ನರಿದ್ದರು, ಅವರ ಮನೆ ಎಲ್ಲರಿಗೂ ಗೊತ್ತಿತ್ತು, ದಾರಿಯಲ್ಲಿ ಎದುರಾಗುತ್ತಿದ್ದರು. ಆ ಎದುರಾಗುವಿಕೆಯೇ ನೆನಪನ್ನು ಕಾಪಾಡುತ್ತಿತ್ತು. ಈಗ ಕೆಲಸಗಾರ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಾನೆ. ಮನೆಯವರೂ ಮನೆ ಬದಲಿಸುತ್ತಾರೆ. ಇದರ ನಡುವೆ ಫೋನಿನ ಆ್ಯಪ್‌ಗಳ ಮೂಲಕ ಕೆಲಸಗಾರರನ್ನು ಕಳುಹಿಸುವ ಸಂಸ್ಥೆಗಳು ಬಂದಿವೆ. ಅವುಗಳಿಂದ ಅನೇಕರಿಗೆ ಮೊದಲ ಅವಕಾಶ ಸಿಕ್ಕಿದೆ ಎಂಬುದನ್ನು ಅಲ್ಲಗಳೆಯಲಾರೆ. ಆದರೆ ಅಲ್ಲಿ ಗಿರಾಕಿಯ ನೆನಪಿನಲ್ಲಿ ಉಳಿಯುವುದು ಸಂಸ್ಥೆಯ ಹೆಸರು. ಕೆಲಸ ಮಾಡಿದ ಕೈ ಯಾರದೆಂಬುದು ಒಂದು ವಾರದಲ್ಲಿ ಮಸುಕಾಗುತ್ತದೆ. ಹಾಗೆ ದುಡಿಯುವ ಕಿರಿಯರು ಸಂಸ್ಥೆಯ ಷರತ್ತುಗಳನ್ನು ಮುರಿಯದೆಯೇ, ಕನಿಷ್ಠ ತಾವು ಸ್ವಂತವಾಗಿ ಹಿಡಿದ ಕೆಲಸಗಳಲ್ಲಾದರೂ ಈ ಅಭ್ಯಾಸಗಳನ್ನು ಮೊದಲ ದಿನದಿಂದ ರೂಢಿಸಿಕೊಳ್ಳಲಿ ಎಂಬುದು ನನ್ನ ಆಸೆ.

ತರಬೇತಿ ಸಂಸ್ಥೆಗಳಲ್ಲಿ ತಂತಿಯ ದಪ್ಪ, ಕೊಳವೆಯ ಜೋಡಣೆ, ಮರದ ಹದ ಎಲ್ಲವನ್ನೂ ಕಲಿಸುತ್ತಾರೆ. ಕೆಲಸ ಮುಗಿಸಿದ ಮೇಲೆ ಬೋರ್ಡಿನ ಒಳಗೆ ಏನು ಬರೆಯಬೇಕು, ಗಿರಾಕಿಗೆ ಕಳುಹಿಸುವ ಸಂದೇಶ ಹೇಗಿರಬೇಕು, ನೋಟ್‌ಬುಕ್ಕಿನ ಪುಟ ಹೇಗೆ ತುಂಬಬೇಕು ಎಂಬುದಕ್ಕೆ ಅರ್ಧ ದಿನದ ಪಾಠವೊಂದನ್ನು ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ. ಓದುಗರಲ್ಲಿಯೂ ಒಂದು ವಿನಂತಿಯಿದೆ. ಇಂದೇ ತಮ್ಮ ಫೋನಿನಲ್ಲಿ ‘ಪ್ಲಂಬರ್’, ‘ಪೇಂಟರ್’, ‘ಎಲೆಕ್ಟ್ರಿಷಿಯನ್’ ಎಂದಷ್ಟೇ ಇರುವ ಸಂಖ್ಯೆಗಳನ್ನು ತೆರೆದು, ನೆನಪಿರುವಷ್ಟು ಮಟ್ಟಿಗೆ ಅವರ ಹೆಸರನ್ನೂ ಅವರು ಮಾಡಿದ ಕೆಲಸವನ್ನೂ ಸೇರಿಸಿಕೊಳ್ಳಿ. ಹೆಸರು ನೆನಪಾಗದಿದ್ದರೆ ಒಮ್ಮೆ ಕರೆ ಮಾಡಿ ಕೇಳಿಕೊಳ್ಳಿ. ಕೆಲಸವಿಲ್ಲದ ದಿನ ಅಂಥದೊಂದು ಕರೆ ಬಂದರೆ ಈ ಕಡೆ ಇರುವವರಿಗೆ ಎಷ್ಟು ಸಂತೋಷವಾಗುತ್ತದೆ ಎಂಬುದನ್ನು ನಾನು ಬಲ್ಲೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಎಲೆಕ್ಟ್ರಿಷಿಯನ್